ಕೋಡಿಯ ಮೇಲೆ ಮೂರು ಬೊಗಸೆ

ಹುಣಸೆಕೆರೆಗೆ ತೂಬು ಎತ್ತಿ ಗದ್ದೆಗೆ ನೀರು ಬಿಡುವ ನೀರುಗಂಟಿ ಇದ್ದ ಕಾಲದಲ್ಲಿ ಒಂದು ಕಟ್ಟಳೆ ಇತ್ತು. ಕೆರೆ ತುಂಬಿ ಕೋಡಿ ಹರಿದ ಮೇಲೆ ಒಂದು ಶುಕ್ರವಾರ ಊರಿಗೆ ಊರೇ ಏರಿಯ ಮೇಲೆ ಸೇರುತ್ತಿತ್ತು. ಹೆಂಗಸರು ಬಾಗಿನದ ಮೊರ ಹಿಡಿದು ಬರುತ್ತಿದ್ದರು, ತಂಬಿಟ್ಟಿನ ಆರತಿ ಬರುತ್ತಿತ್ತು, ತಮಟೆ ಬರುತ್ತಿತ್ತು. ಆದರೆ ನೀರುಗಂಟಿ ಮನೆಯ ಹಿರಿಯ ಜೀವ ಕೋಡಿಕಲ್ಲಿನ ಮೇಲೆ ನಿಂತು ನೀರು ಕುಡಿಯುವವರೆಗೆ ಯಾರೂ ಗಂಗಮ್ಮನಿಗೆ ಕೈ ಮುಗಿಯುವಂತಿರಲಿಲ್ಲ. ಗೌಡರ ಮನೆಯವರು ಕೇಳಬೇಕು: "ನೀರು ಸೈಯಾ?" ನೀರುಗಂಟಿ ಒಂದು ಬೊಗಸೆ ಕುಡಿದು ಹೇಳಬೇಕು: "ಸೈ." ಹೀಗೆ ಮೂರು ಸಲ ಕೇಳುವುದು, ಮೂರು ಸಲ ಕುಡಿಯುವುದು, ಮೂರು ಸಲ ಹೇಳುವುದು. ಕುಡಿಯದೆ ಹೇಳಿದ್ದು ಮಾತಲ್ಲ. ಆ ಮೇಲೆ ಅದೇ ನೀರು ಊರಿಗೆಲ್ಲ ತೀರ್ಥ.

ನೀರುಗಂಟಿಯ ಮನೆ ಇದ್ದದ್ದು ಊರ ಹೊರಗಿನ ಕೇರಿಯಲ್ಲಿ. ಅವರ ಬಿಂದಿಗೆ ಊರ ಬಾವಿಯನ್ನು ಮುಟ್ಟುವಂತಿರಲಿಲ್ಲ. ನಾಲಿಗೆ ಮಾತ್ರ ಊರಿಗೆ ಬೇಕಿತ್ತು. ದೇವರು ಇದನ್ನು ಹೇಗೆ ನೋಡಿಕೊಂಡು ಸುಮ್ಮನಿದ್ದನೋ, ಅವನಿಗೇ ಗೊತ್ತು.

ಬೆಂಗಳೂರಿನ ಬನಶಂಕರಿಯಿಂದ ಇಟ್ಟಮಡು ದಾಟಿ ಬಂದರೆ ಈ ಕೆರೆ ಈಗಲೂ ಸಿಗುತ್ತದೆ. ಗದ್ದೆಗಳು ಸೈಟುಗಳಾದವು, ಸೈಟುಗಳ ಮೇಲೆ ಮನೆ, ಮನೆಯ ಮೇಲೆ ಪೀಜಿ. ಅಷ್ಟೂ ಮನೆಗಳ ಬಚ್ಚಲು ನೀರು ರಾಜಕಾಲುವೆ ಹಿಡಿದು ಕೆರೆಗೆ ಬಂತು. ತೂಬು ಎತ್ತುವವರು ಇಲ್ಲವಾದರು. ಬಹಳ ವರ್ಷ ಅದು ಕಪ್ಪು ಮಡುವಾಗಿ ಬಿದ್ದಿತ್ತು. ಅದರ ಕಡೆಯ ಕಿಟಕಿಗಳನ್ನು ಯಾರೂ ತೆರೆಯುತ್ತಿರಲಿಲ್ಲ. ಆಮೇಲೆ ಕೆರೆಯಂಗಳದ ಮೂಲೆಯಲ್ಲಿ ಕೊಳಚೆ ನೀರು ಶುದ್ಧ ಮಾಡುವ ಪ್ಲಾಂಟು ಕಟ್ಟಿದರು. ಅದನ್ನು ನಡೆಸುವ ಗುತ್ತಿಗೆಯವರು ಆಪರೇಟರ್ ಬೇಕೆಂದಾಗ ಬೈಲಪ್ಪ ಕೆಲಸಕ್ಕೆ ಸೇರಿದ. ಅವನು ಹುಣಸೆಕೆರೆಯ ಕೊನೆಯ ನೀರುಗಂಟಿಯ ಮೊಮ್ಮಗ.

"ನಮ್ಮ ತಾತ ತೂಬು ಎತ್ತುತಿದ್ದ, ನಾನು ವಾಲ್ವು ತಿರುಗಿಸ್ತೀನಿ. ಅಷ್ಟೇ ಗುರು ವ್ಯತ್ಯಾಸ," ಎಂದು ಅವನು ಟೀ ಅಂಗಡಿಯಲ್ಲಿ ಹೇಳಿಕೊಳ್ಳುತ್ತಿದ್ದ.

ಕೆಲಸವನ್ನು ಭಕ್ತಿಯಿಂದಲೇ ಮಾಡುತ್ತಿದ್ದ. ಪ್ಲಾಂಟಿನ ದೊಡ್ಡ ತೊಟ್ಟಿಯಲ್ಲಿ ಕೊಳಚೆಯನ್ನು ತಿಂದು ಬದುಕುವ ಸೂಕ್ಷ್ಮ ಜೀವಗಳಿರುತ್ತವೆ. ಬ್ಲೋವರ್ ಎಂಬ ಯಂತ್ರ ಅವುಗಳಿಗೆ ಹಗಲಿರುಳು ಗಾಳಿ ಊದುತ್ತಿರಬೇಕು. ಗಾಳಿ ನಿಂತರೆ ಅವು ಸಾಯುತ್ತವೆ. ತೊಟ್ಟಿ ಚೆನ್ನಾಗಿದ್ದ ದಿನ ಅದರ ಬಣ್ಣ ರಾಗಿ ಅಂಬಲಿಯಂತೆ ಇರುತ್ತಿತ್ತು, ವಾಸನೆ ಮೊದಲ ಮಳೆಯ ಮಣ್ಣಿನಂತೆ. ಬೈಲಪ್ಪ ಬೆಳಿಗ್ಗೆ ಚಪ್ಪಲಿ ಬಿಟ್ಟು ತೊಟ್ಟಿಯ ಕಟ್ಟೆ ಹತ್ತುತ್ತಿದ್ದ. ಶುದ್ಧವಾಗಿ ಬಂದ ನೀರು ಕೆರೆಗೆ ಇಳಿಯಿತು. ಜೊಂಡು ಹಸಿರಾಯಿತು. ಮೀನು ಬಂದವು, ಮೀನಿನ ಹಿಂದೆ ಬೆಳ್ಳಕ್ಕಿ ಬಂದವು. ಕಿಟಕಿಗಳೂ ತೆರೆದವು.

ಅವನ ತಾಯಿ ಮುನಿಯಕ್ಕ ಸಂಜೆ ಏರಿಯ ಮೇಲೆ ಬಂದು ಕೂರುತ್ತಿದ್ದಳು. ಎಲೆ ಅಡಿಕೆ ಹಾಕಿಕೊಂಡು ನೀರು ನೋಡುತ್ತಿದ್ದಳು. ಮದುವೆಯಾಗಿ ಬಂದ ವರ್ಷ ಅವಳ ಮಾವ ಕೋಡಿಕಲ್ಲಿನ ಮೇಲೆ ನಿಂತು ಕುಡಿದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಅದೇ ಕೊನೆ.

ಆಷಾಢದಲ್ಲಿ ಒಂದು ಸಂಜೆ ಬೋರಣ್ಣ ಪ್ಲಾಂಟಿನ ಗೇಟಿಗೆ ಬಂದ. ಹಳೇ ಗೌಡರ ಮನೆಯವನು. ಈಗ ಕೆರೆಯ ಸುತ್ತಲಿನ ಪೀಜಿಗಳ ಮಾಲೀಕ.

"ಲೋ ಬೈಲ, ಶ್ರಾವಣ ಶುಕ್ರವಾರ ಗಂಗಮ್ಮನ ಪೂಜೆ ಇಟ್ಕೊಂಡಿದೀವಿ ಕಣೋ. ಶಾಮಿಯಾನ, ಊಟ, ಎಲ್ಲಾ ಸಖತ್ತಾಗಿ. ನಮ್ಮಮ್ಮ ಒಂದೇ ಹಟ. ನೀರುಗಂಟಿ ಮನೆಯವರು ಬೊಗಸೆ ತಗೊಳ್ದೆ ಪೂಜೆ ಇಲ್ಲ ಅಂತವ್ಳೆ. ಮುನಿಯಕ್ಕನ್ನ ಕರ್ಕೊಂಡು ಬರ್ಬೇಕು."

ಬೈಲಪ್ಪ ತಲೆಯಾಡಿಸಿದ.

"ಆದ್ರೆ ಕೋಡಿ ಬೀಳ್ಬೇಕಲ್ಲೋ. ಇನ್ನೂ ಎಷ್ಟು ಬೇಕು?"

"ಒಂದು ಮೊಳ ಕಮ್ಮಿ ಐತೆ ಅಣ್ಣ. ಆಗುತ್ತೆ. ಮಳೆನೂ ಬರುತ್ತೆ."

"ಬರುತ್ತೆ ಗಿರುತ್ತೆ ಗೊತ್ತಿಲ್ಲ. ಕಾರ್ಡು ಹಂಚಿ ಆಗಿದೆ. ಹೆಂಗಾದ್ರೂ ತುಂಬ್ಸು."

ಮುನಿಯಕ್ಕನಿಗೆ ವಿಷಯ ಹೇಳಿದಾಗ ಅವಳು ಟ್ರಂಕು ತೆಗೆದು ಸೀರೆ ನೋಡಿದಳು. "ಅವರ ಮನೆ ಜಗಲಿ ಹತ್ತಿಸ್ಲಿಲ್ಲ ನನ್ನ. ಈಗ ಕೋಡಿ ಹತ್ಸ್ತಾರಾ?" ಎಂದಳು. ನಕ್ಕಳು. ಆ ನಗುವನ್ನು ಬೈಲಪ್ಪ ತನ್ನ ಬಾಲ್ಯದಿಂದಲೂ ನೋಡಿರಲಿಲ್ಲ. ಪ್ಲಾಂಟಿನಿಂದ ಬಂದ ಈ ನೀರು ಗಿಡಕ್ಕೆ, ಮೀನಿಗೆ; ಕುಡಿಯಲಿಕ್ಕಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಒಮ್ಮೆ ತಾನೇ ಒಂದು ಗುಟುಕು ರುಚಿ ನೋಡಿದ್ದ, ಏನೂ ಆಗಿರಲಿಲ್ಲ. ತಾಯಿಗೂ ಏನೂ ಆಗಲಾರದು, ಗಂಗಮ್ಮ ನೋಡಿಕೊಳ್ಳುತ್ತಾಳೆ ಎಂದುಕೊಂಡ.

ಮಳೆ ಬರಲಿಲ್ಲ. ಮೋಡ ಬಂದು, ಬನಶಂಕರಿಯ ಕಡೆ ನಾಲ್ಕು ಹನಿ ಹಾಕಿ, ಹೋಯಿತು. ಹಬ್ಬ ಹತ್ತಿರವಾದಾಗ ಪ್ಲಾಂಟಿನ ಎರಡು ಬ್ಲೋವರುಗಳಲ್ಲಿ ಒಂದು ಸುಟ್ಟುಹೋಯಿತು. ಅರ್ಧ ಗಾಳಿಗೆ ಅರ್ಧ ಕೊಳಚೆ ಮಾತ್ರ ಶುದ್ಧವಾಗುತ್ತದೆ. ಉಳಿದದ್ದನ್ನು ಕೆರೆಗೆ ಸೋಕಿಸದೆ ಪಕ್ಕದ ಮೋರಿಗೆ ತಿರುಗಿಸಿ ಕೆಳಕ್ಕೆ ಕಳಿಸಬೇಕು. ಅದಕ್ಕೆಂದೇ ಚಕ್ರ ತಿರುಗಿಸುವ ಒಂದು ಗೇಟು ಇದೆ. ಬೈಲಪ್ಪ ಹಾಗೆಯೇ ಮಾಡಿದ. ಕೆರೆಗೆ ಬರುವ ನೀರು ಅರ್ಧವಾಯಿತು. ಬಿಸಿಲು ಕುಡಿಯುವಷ್ಟೂ ಬರಲಿಲ್ಲ. ಅಷ್ಟರಲ್ಲಿ ಕೋಡಿಗೆ ನಾಲ್ಕೇ ಬೆರಳು ಕಮ್ಮಿಯಿದ್ದ ಮಟ್ಟ, ಏರುವ ಬದಲು ಇಳಿಯಿತು.

ಸೂಪರ್‌ವೈಸರ್ ರವಿಕುಮಾರ್ ಬಂದು ಮೋಟಾರು ನೋಡಿ ಹೋದ. "ಬೈಲಣ್ಣ, ಪಾರ್ಟ್ ಬರೋದು ಹಬ್ಬ ಆದ್ಮೇಲೇನೆ. ಅಡ್ಜಸ್ಟ್ ಮಾಡ್ಕೊಳ್ಳಿ."

"ಕೆರೆ ತುಂಬಲ್ಲ ಸಾರ್."

"ಕೆರೆ ತುಂಬ್ಸೋದು ನಮ್ಮ ಕೆಲ್ಸ ಅಲ್ಲಣ್ಣ. ನೀರು ಕ್ಲೀನ್ ಮಾಡೋದು ನಮ್ಮ ಕೆಲ್ಸ."

ರವಿಕುಮಾರ್ ಹೇಳಿದ್ದು ನಿಜ. ಆದರೆ ತಲೆತಲಾಂತರದಿಂದ ಬೈಲಪ್ಪನ ಮನೆಯವರಿಗೆ ಬಂದ ಕೆಲಸ ಅದೇ ಆಗಿತ್ತು, ಕೆರೆ ತುಂಬಿಸುವುದು. ತುಂಬಿದ ಕೆರೆಯೇ ದೇವರು ಎಂದು ಅವನ ಮೈ ನಂಬಿತ್ತು. ಎಲ್ಲ ಕೊಳೆಯನ್ನೂ ಹೊತ್ತು ಗಂಗೆ ಹರಿಯುತ್ತಾಳೆ, ಅವಳಿಗೆ ಮೈಲಿಗೆ ಇಲ್ಲ ಎಂದು ಹಾಡುಗಳಲ್ಲಿ ಕೇಳಿ ಬೆಳೆದಿದ್ದ. ಇಷ್ಟು ದೊಡ್ಡ ಕೆರೆ, ನಾಲ್ಕು ದಿನದ ಕೊಳಚೆ. ಮಳೆ ಒಂದು ಬಂದರೆ ತೊಳೆದುಹೋಗುತ್ತದೆ. ಹಬ್ಬದ ವಾರದ ಮೊದಲ ದಿನ ಅವನು ಗೇಟಿನ ಚಕ್ರಕ್ಕೆ ಕೈ ಮುಗಿದು, ಮೋರಿಗೆ ಹೋಗುತ್ತಿದ್ದ ಕೊಳಚೆಯನ್ನು ಕೆರೆಗೆ ತಿರುಗಿಸಿದ.

ಕೆರೆ ಏರಿತು. ಗುರುವಾರ ಸಂಜೆ ಕೋಡಿಕಲ್ಲು ಒದ್ದೆಯಾಯಿತು. ಊರಿನ ಹಳಬರು ಬಂದು ನೋಡಿದರು. ಕೋಡಿಯ ಬಾಯಲ್ಲಿ ಬಿಳಿ ನೊರೆ ಕಟ್ಟಿತ್ತು. ಬೋರಣ್ಣ ಫೋನಿನಲ್ಲಿ ಫೋಟೋ ತೆಗೆದು, "ನೋಡ್ರಪ್ಪಾ, ಗಂಗಮ್ಮ ಮಲ್ಲಿಗೆ ಮುಡ್ಕೊಂಡವ್ಳೆ," ಎಂದ. ಎಲ್ಲರೂ ನಕ್ಕರು. ಬೈಲಪ್ಪನೂ ನಕ್ಕ. ಅವನ ಮೂಗಿಗೆ ಮಾತ್ರ ಬೇರೆ ಏನೋ ತಾಕಿತು.

ಶುಕ್ರವಾರ ಬೆಳಕು ಹರಿಯುವಾಗ ಅವನು ಏರಿ ಹತ್ತಿ ನೋಡಿದರೆ, ಕೆರೆಯ ತುಂಬ ಬಾಯಿಗಳು. ಮೀನುಗಳು ನೀರಿನ ಮೇಲಕ್ಕೆ ಮೂತಿ ಎತ್ತಿ ಗಾಳಿ ನುಂಗುತ್ತಿದ್ದವು. ದಡದುದ್ದಕ್ಕೂ ಹೊಟ್ಟೆ ಮೇಲಾಗಿ ಬಿದ್ದವೂ ಇದ್ದವು. ಅವನು ಗೊಬ್ಬರದ ಚೀಲ ತಂದು, ಪಂಚೆ ಮೇಲೆ ಕಟ್ಟಿ, ಮಂಡಿಯುದ್ದ ನೀರಿಗಿಳಿದು ಸತ್ತ ಮೀನುಗಳನ್ನು ಎತ್ತತೊಡಗಿದ. ಜನ ಬರುವ ಮೊದಲು ದಡ ಸ್ವಚ್ಛವಾಗಬೇಕು. ಕೆಲವು ಕೈಯಲ್ಲಿ ಇನ್ನೂ ಮಿಸುಕುತ್ತಿದ್ದವು.

"ಏನ್ಲಾ ಅದು ಚೀಲದಾಗೆ?"

ಮುನಿಯಕ್ಕ ಏರಿಯ ಮೇಲೆ ನಿಂತಿದ್ದಳು. ತಲೆಗೆ ಮಿಂದು, ಹಸಿರು ಸೀರೆ ಉಟ್ಟು, ಹಣೆಗೆ ಕಾಸಗಲ ಕುಂಕುಮ ಇಟ್ಟು ಜನಕ್ಕಿಂತ ಮೊದಲೇ ಬಂದಿದ್ದಳು.

"ಮೀನು ಅವ್ವ."

"ಹಬ್ಬದ ದಿನ ಹಿಡಿದ್ಯೇನ್ಲಾ?"

"ಹಿಡೀಲಿಲ್ಲ. ಸತ್ತವೆ."

ಅವಳು ಕೆಳಗಿಳಿದು ಬಂದಳು. ಚೀಲದೊಳಗೆ ನೋಡಿದಳು. ನೀರು ನೋಡಿದಳು. ಮಗನ ಮುಖ ನೋಡಿದಳು. ತಾಯಿ ಕಣ್ಣಿಟ್ಟು ನೋಡುವಾಗ ಸುಳ್ಳು ನಿಲ್ಲುವುದಿಲ್ಲ. ಅವನು ಎಲ್ಲವನ್ನೂ ಹೇಳಿಬಿಟ್ಟ. ಬ್ಲೋವರ್ ಸುಟ್ಟದ್ದು, ಮಟ್ಟ ಇಳಿದದ್ದು, ಗೇಟು ತಿರುಗಿಸಿದ್ದು.

"ಕಕ್ಕಸ್ಸಿನ ನೀರಾ?" ಎಂದಳು ಮುನಿಯಕ್ಕ.

"ಹೂಂ ಅವ್ವ."

"ನನ್ನ ಕೋಡಿ ಹತ್ಸಕ್ಕೆ ಮಾಡ್ದಾ?"

ಅವನು ಚೀಲದ ಬಾಯಿ ಕಟ್ಟತೊಡಗಿದ. ದೂರದಲ್ಲಿ ಶಾಮಿಯಾನದ ಮೈಕು ಹಲೋ ಹಲೋ ಎನ್ನುತ್ತಿತ್ತು.

"ನೀನು ಕುಡೀಬೇಡ ಅವ್ವ. ತುಟಿಗೆ ಮುಟ್ಟಿಸ್ದಂಗೆ ಮಾಡಿ ಚೆಲ್ಲಿಬಿಡು."

"ಆಮೇಲೆ ಏನನ್ಲಿ?"

"ಸೈ ಅನ್ನು."

"ಸೈ ಅಂದ್ರೆ ಕೂಸು ಮರಿ ಎಲ್ಲಾ ತೀರ್ಥ ತಗತವೆ ಕಣ್ಲಾ."

ಅವನು ಒದ್ದೆ ಕೈಯಿಂದ ಮುಖ ಒರೆಸಿಕೊಂಡ. "ಹಂಗಾದ್ರೆ ಸೈ ಇಲ್ಲ ಅನ್ನು."

"ಕುಡೀದೆ ಹೆಂಗ್ಲಾ ಅನ್ನದು? ನಿಮ್ಮ ತಾತ ಕುಡೀದೆ ಒಂದು ಮಾತು ಆಡ್ಲಿಲ್ಲ."

"ನಾನೇ ಹೋಗಿ ಬೋರಣ್ಣಂಗೆ ಹೇಳ್ತೀನಿ."

"ಹೇಳು," ಎಂದಳು ಮುನಿಯಕ್ಕ. "ನೀನು ಹೇಳಿದ್ರೆ ನಾನು ಕುಡಿಯೋದೂ ಬ್ಯಾಡ. ಹೋಗಪ್ಪ, ಹೇಳ್ಬುಡು."

ಅವನು ಹೋದ. ಹೇಳಲೆಂದೇ ಹೋದ. ಆದರೆ ಶಾಮಿಯಾನದಡಿ ಕಾಲಿಡುತ್ತಿದ್ದಂತೆ ತಮಟೆ ಶುರುವಾಯಿತು. "ಬಾರೋ ಬೈಲ, ಕೆರೆ ತುಂಬ್ಸಿದ ಮಗಾ!" ಎಂದು ಬೋರಣ್ಣ ಎಲ್ಲರ ಮುಂದೆ ಅವನ ಕೊರಳಿಗೆ ಹಾರ ಹಾಕಿದ. ಒಂದು ಕಾಲಕ್ಕೆ ಅವನ ಅಪ್ಪನನ್ನು ದೂರ ನಿಲ್ಲಿಸಿ ಕೈಗೆ ನೀರು ಹೊಯ್ದಿದ್ದ ಮನೆಗಳವರು ಬಂದು ಅವನ ಕೈ ಕುಲುಕಿದರು. ಬೈಲಪ್ಪನ ಗಂಟಲಿನವರೆಗೆ ಬಂದ ಮಾತು ಹಾರದ ಕೆಳಗೆ ನಿಂತಿತು. ಇನ್ನೊಂದು ಘಳಿಗೆ ಕಳೆದು ಹೇಳುತ್ತೇನೆ ಎಂದುಕೊಂಡ. ಆ ಘಳಿಗೆಯಲ್ಲೇ ಮೆರವಣಿಗೆ ಹೊರಟಿತು.

ಕೋಡಿಕಲ್ಲಿನ ಹತ್ತಿರ ಜನ ಕಿಕ್ಕಿರಿದಿದ್ದರು. ಬೋರಣ್ಣನ ತಾಯಿ ಮುನಿವೆಂಕಟಮ್ಮ, ಬೆನ್ನು ಬಾಗಿದ ಮುದುಕಿ, ಕುರ್ಚಿಯಲ್ಲಿ ಕೂತು ಬಾಗಿನದ ಮೊರವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಮಕ್ಕಳು ತಂಬಿಟ್ಟಿಗಾಗಿ ಕಾಯುತ್ತಿದ್ದರು. ಮುನಿಯಕ್ಕ ಕಲ್ಲಿನ ಮೇಲೆ ನಿಂತು ಮಗನನ್ನು ನೋಡಿದಳು. ಹೇಳಿದೆಯಾ ಎಂದು ಕಣ್ಣಿನಲ್ಲೇ ಕೇಳಿದಳು. ಬೈಲಪ್ಪ ತಲೆ ತಗ್ಗಿಸಿದ.

ಅವಳಿಗೆ ಅಷ್ಟು ಸಾಕಾಯಿತು.

"ನೀರು ಸೈಯಾ?" ಬೋರಣ್ಣ ಮೈಕಿನಲ್ಲಿ ಕೇಳಿದ.

ಮುನಿಯಕ್ಕ ಬಗ್ಗಿದಳು. ನೊರೆಯನ್ನು ಕೈಯಿಂದ ಸರಿಸಿ, ಬೊಗಸೆ ತುಂಬಿಕೊಂಡು, ಕಣ್ಣು ಮುಚ್ಚಿ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಸೈ ಇಲ್ಲ."

ತಮಟೆ ನಿಂತಿತು. ಬೋರಣ್ಣ ನಕ್ಕ. "ಮುನಿಯಕ್ಕಂಗೆ ವಯಸ್ಸಾಯ್ತು, ಮಾತು ತಪ್ಪೋಯ್ತು. ಇನ್ನೊಂದು ಸಲ ಸರಿಯಾಗಿ ನೋಡಕ್ಕ. ನೀರು ಸೈಯಾ?"

ಅವಳು ಎರಡನೆಯ ಬೊಗಸೆ ಕುಡಿದಳು. ಈ ಸಲ ಗಂಟಲು ತಡೆಯಿತು; ಕೈಯನ್ನು ಎದೆಗೆ ಒತ್ತಿಕೊಂಡು ಇಳಿಸಿದಳು.

"ಸೈ ಇಲ್ಲಪ್ಪ."

ಜನರಲ್ಲಿ ಗುಜುಗುಜು ಎದ್ದಿತು. "ಅಲ್ಲಾ, ಸೀರೆ ಕೊಟ್ಟಿಲ್ಲ ಅಂತ ಕೋಪಾನಾ?" ಎಂದ ಯಾರೋ. "ಕೂರ್ಸಿ ಮೆರೆಸಿದ್ರೆ ಹಿಂಗೇನೆ," ಎಂದಳು ಇನ್ನೊಬ್ಬಳು. ಬೈಲಪ್ಪ ಜನರನ್ನು ಸರಿಸಿಕೊಂಡು ಬಂದು ಅವಳ ಮುಂಗೈ ಹಿಡಿದ. ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಬಿಡ್ಲಾ. ಮೂರು ಆಗ್ದೆ ಮಾತು ನಿಲ್ಲಲ್ಲ," ಎಂದು ಅವನಿಗೊಬ್ಬನಿಗೇ ಕೇಳುವಂತೆ ಹೇಳಿದಳು.

ಬೋರಣ್ಣನ ದನಿಯಲ್ಲಿ ನಗು ಇರಲಿಲ್ಲ. "ಕೊನೇ ಸಲ ಕೇಳ್ತಿದೀನಿ. ನೀರು ಸೈಯಾ?"

ಮೂರನೆಯ ಬೊಗಸೆಯನ್ನು ಅವಳು ನಿಧಾನವಾಗಿ ಕುಡಿದಳು. ಊರ ಕಡೆ ತಿರುಗಿದಳು.

"ಸೈ ಇಲ್ಲ. ಮಕ್ಕಳಿಗೆ ಕುಡಿಸಬ್ಯಾಡಿ."

ಯಾಕೆ ಎಂದು ಕೇಳಿದವರಿಗೆ ಅವಳು ಮತ್ತೊಂದು ಮಾತೂ ಹೇಳಲಿಲ್ಲ. ಮಗನ ಹೆಸರು ಅವಳ ಬಾಯಿಂದ ಬರಲಿಲ್ಲ. ಪೂಜೆ ನಿಂತಿತು. ಬಯ್ಯುವವರು ಬಯ್ದರು, ಊಟ ಮಾಡುವವರು ಊಟ ಮಾಡಿದರು. ಯಾರೂ ತೀರ್ಥ ತೆಗೆದುಕೊಳ್ಳಲಿಲ್ಲ. ಬೈಲಪ್ಪ ಹಾರ ತೆಗೆದೆಸೆದು ಓಡಿಹೋಗಿ ಗೇಟನ್ನು ಮತ್ತೆ ಮೋರಿಗೆ ತಿರುಗಿಸಿದ. ಕೆರೆಗೆ ಇಳಿದದ್ದು ಇಳಿದಾಗಿತ್ತು.

ಸಂಜೆಯಿಂದ ಮುನಿಯಕ್ಕನಿಗೆ ವಾಂತಿ ಭೇದಿ ಹಿಡಿಯಿತು. ಬೆಳಿಗ್ಗೆ ಆಟೋದಲ್ಲಿ ಜಯನಗರದ ಆಸ್ಪತ್ರೆಗೆ ಒಯ್ದಾಗ ಅವಳ ಕಣ್ಣು ಒಳಕ್ಕೆ ಹೋಗಿದ್ದವು, ಕೈ ಚರ್ಮ ಹಿಡಿದರೆ ಹಿಡಿದಲ್ಲೇ ನಿಲ್ಲುತ್ತಿತ್ತು. ಪದ್ಮಶ್ರೀ ಎಂಬ ಡಾಕ್ಟರು ಸಲೈನ್ ಹಾಕಿಸುತ್ತ ಕೇಳಿದಳು:

"ಅಜ್ಜಿ ಏನು ಕುಡಿದ್ರು?"

"ಕೆರೆ ನೀರು ಮೇಡಂ. ಕೊಳಚೆ ಸೇರಿದ್ದು."

"ಅಯ್ಯೋ, ಕಾಣ್ಲಿಲ್ವಾ ನಿಮ್ಗೆ? ಮನೇಲಿ ಯಾರೂ ಬೇಡ ಅನ್ಲಿಲ್ವಾ?"

"ಅಂದೆ ಮೇಡಂ," ಎಂದ ಬೈಲಪ್ಪ. "ಹೇಳ್ಬೇಕಾದೋರಿಗೆ ಹೇಳ್ಲಿಲ್ಲ."

ಮುನಿಯಕ್ಕ ಕೊನೆಯವರೆಗೂ ಎಚ್ಚರವಾಗಿದ್ದಳು. ಪಕ್ಕದ ಹಾಸಿಗೆಯ ಹೆಂಗಸಿಗೆ ಕೆರೆಯ ಮೇಲೆ ಬೆಳ್ಳಕ್ಕಿ ಬರುವುದನ್ನು ಹೇಳುತ್ತಿದ್ದಳು. ಮಗ ಅತ್ತಾಗ ಬಯ್ದಳು. "ಮೂಗು ಒರೆಸ್ಕೋ. ಆಸ್ಪತ್ರೆ ಇದು." ಸಲೈನ್ ಏರಿದರೂ ಕಿಡ್ನಿ ಚೇತರಿಸಲಿಲ್ಲ; ಸೋಮವಾರ ಮಧ್ಯಾಹ್ನ ಅವಳ ಉಸಿರು ನಿಂತಿತು. ದೇವರು ಕರೆದುಕೊಂಡ ಎನ್ನುತ್ತಾರೆ ಇಂಥದಕ್ಕೆ. ಬೈಲಪ್ಪ ಹಾಗೆ ಅನ್ನಲಿಲ್ಲ.

ಊರು ಬೇರೆ ಕಥೆ ಕಟ್ಟಿತು. ಗಂಗಮ್ಮನ ಮುಂದೆ ನಿಂತು ಸೈ ಇಲ್ಲ ಎಂದವಳನ್ನು ಗಂಗಮ್ಮ ವಾರ ಕಳೆಯಗೊಡಲಿಲ್ಲವಂತೆ. ಮಣ್ಣಿಗೆ ಬಂದವರೂ ಅದನ್ನೇ ಪಿಸುಗುಟ್ಟಿದರು. ರವಿಕುಮಾರ್ ಬೈಲಪ್ಪನನ್ನು ಪಕ್ಕಕ್ಕೆ ಕರೆದು, "ಅಣ್ಣ, ಬಾಯಿ ಬಿಡ್ಬೇಡಿ, ಇಬ್ರಿಗೂ ಕೆಲ್ಸ ಹೋಗುತ್ತೆ. ಹೋದೋರು ವಾಪಸ್ ಬರಲ್ಲ," ಎಂದ. ಬೋರಣ್ಣನೂ ಬಂದು ಹೆಗಲ ಮೇಲೆ ಕೈ ಇಟ್ಟ. "ಮುಂದಿನ ಶುಕ್ರವಾರ ಪೂಜೆ ಮುಗಿಸ್ಬಿಡ್ತೀವಿ ಕಣೋ. ಹೊರಗಿಂದ ಪುರೋಹಿತರು ಬರ್ತಾರೆ. ಬೊಗಸೆ ಗಿಗಸೆ ಏನೂ ಬೇಡ. ನೀನು ಮನೇಲಿರು, ಸೂತಕ."

"ತೀರ್ಥ ಕೊಡ್ತೀರಾ ಅಣ್ಣ?"

"ತೀರ್ಥ ಇಲ್ದೆ ಪೂಜೆ ಇರುತ್ತೇನೋ?"

ಶುಕ್ರವಾರ ತಮಟೆ ಇರಲಿಲ್ಲ. ಪುರೋಹಿತರು ತಾಮ್ರದ ಬಿಂದಿಗೆ ಇಟ್ಟುಕೊಂಡು ಮಂತ್ರ ಹೇಳುತ್ತ ಕೋಡಿಯ ಕಡೆ ಬರುತ್ತಿದ್ದರು. ಹಿಂದೆ ಹೆಂಗಸರು, ಕಂಕುಳಲ್ಲಿ ಕೂಸುಗಳು. ನೊರೆ ಕರಗಿತ್ತು, ನೀರು ಕಡುಹಸಿರಾಗಿ, ನೋಡುವವರಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಬೈಲಪ್ಪ ತಲೆ ಬೋಳಿಸಿಕೊಂಡು, ಸೂತಕದ ಬಟ್ಟೆಯಲ್ಲೇ ಬಂದು, ಕೋಡಿಕಲ್ಲಿಗೆ ಅಡ್ಡ ನಿಂತ.

"ನೀರು ಸೈ ಇಲ್ಲ," ಎಂದ.

"ಶುರುವಾಯ್ತು ನೋಡು," ಎಂದ ಬೋರಣ್ಣ. "ಪಕ್ಕಕ್ಕೆ ಬಾರೋ."

"ಅವರವ್ವನ ಥರಾನೇ ಕುಡಿದು ಹೇಳ್ಲಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಒಂದಿಬ್ಬರು ನಕ್ಕರು.

"ನಾನು ಕುಡೀಬೇಕಾಗಿಲ್ಲ," ಎಂದ ಬೈಲಪ್ಪ. "ಬಿಟ್ಟೋನು ನಾನೇ. ಕೋಡಿ ಬೀಳ್ಲಿ ಅಂತ ನಿಮ್ಮೆಲ್ಲರ ಮನೆ ಕಕ್ಕಸ್ಸಿನ ನೀರು ಕೆರೆಗೆ ತಿರುಗಿಸ್ದೆ. ಗಂಗಮ್ಮ ನಮ್ಮವ್ವನ್ನ ಕೊಲ್ಲಲಿಲ್ಲ. ನಾನು ಕೊಂದೆ. ಪೊಲೀಸಿಗೆ ಹೇಳ್ತೀರೋ, ಆಫೀಸಿಗೆ ಹೇಳ್ತೀರೋ, ಹೇಳ್ಕೊಳ್ಳಿ. ಮಕ್ಕಳಿಗೆ ಕುಡಿಸ್ಬೇಡಿ."

ಬೋರಣ್ಣ ಫೋನು ಕಿವಿಗಿಟ್ಟುಕೊಂಡು ಯಾರ ಹತ್ತಿರವೋ ಮಾತಾಡುವಂತೆ ದೂರ ನಡೆದ. ಪುರೋಹಿತರು ಬಿಂದಿಗೆಯನ್ನು ಖಾಲಿಯಾಗಿಯೇ ಬಟ್ಟೆಯಲ್ಲಿ ಸುತ್ತಿಕೊಂಡರು. ಹೆಂಗಸರು ಕೂಸುಗಳನ್ನು ಎದೆಗೆ ಒತ್ತಿಕೊಂಡು ಬಂದ ದಾರಿಯಲ್ಲೇ ತಿರುಗಿದರು. ತಿರುಗುವ ಮೊದಲು ಒಬ್ಬಳು ಅವನ ಕಡೆ ನೋಡಿ ನೆಲಕ್ಕೆ ಉಗುಳಿದಳು.

ಮುನಿವೆಂಕಟಮ್ಮ ಒಬ್ಬಳು ಉಳಿದಳು. ಕೋಲು ಊರಿಕೊಂಡು ಹತ್ತಿರ ಬಂದು, ತಲೆಯೆತ್ತಿ ಅವನ ಮುಖ ನೋಡಿದಳು.

"ಅವತ್ತು ನಿಮ್ಮವ್ವಂಗೆ ಗೊತ್ತಿತ್ತೇನಪ್ಪ?"

"ಗೊತ್ತಿತ್ತು ತಾಯಿ. ಬೆಳಿಗ್ಗೇನೇ ಹೇಳಿದ್ದೆ."

"ಗೊತ್ತಿದ್ದೂ ಮೂರು ಸಲಾನೂ ಕುಡಿದ್ಲಾ?"

ಬೈಲಪ್ಪ ತಲೆಯಾಡಿಸಿದ. ಮುದುಕಿ ಕೋಲಿನ ಮೇಲೆ ಇನ್ನಷ್ಟು ಬಾಗಿದಳು. "ನನ್ನ ಮೊಮ್ಮಗಳ ಮಗು ಅವತ್ತು ತೀರ್ಥಕ್ಕೆ ಮುಂದೇನೇ ನಿಂತಿತ್ತು ಕಣಪ್ಪ," ಎಂದಳು. ಆಮೇಲೆ ಕೋಲನ್ನು ಪಕ್ಕಕ್ಕಿಟ್ಟು, ಏರಿಯ ಮಣ್ಣಿನ ಮೇಲೆ, ಸೂತಕದವನ ಪಕ್ಕದಲ್ಲಿ, ಕಷ್ಟಪಟ್ಟು ಕೂತಳು. ಇಬ್ಬರೂ ನೀರಿನ ಕಡೆ ನೋಡಲಿಲ್ಲ.